ಕಾಯುವುದೋ, ಸೂಜಿಯೋ, ಕತ್ತರಿಯೋ: ರೆಪ್ಪೆ ಮತ್ತು ಕಣ್ಣಗೂಡಿನ ತೊಂದರೆಗೆ ದಾರಿ ಆರಿಸುವ ಬಗೆ

ಒಂದು ಮನೆಯಲ್ಲಿ ಮಗುವಿನ ರೆಪ್ಪೆ ಹುಟ್ಟಿದಾಗಿನಿಂದ ಜೋತಿದೆ. ಒಬ್ಬ ಡಾಕ್ಟರು ಈಗಲೇ ಆಪರೇಷನ್ ಅನ್ನುತ್ತಾರೆ, ಇನ್ನೊಬ್ಬರು ನಾಲ್ಕು ವರ್ಷ ತುಂಬಲಿ ಅನ್ನುತ್ತಾರೆ. ಇನ್ನೊಂದು ಮನೆಯಲ್ಲಿ ಅಜ್ಜಿಯ ಪೊರೆ ತೆಗೆಯಲು ಕ್ಯಾಂಪಿನವರು ಒಪ್ಪಲಿಲ್ಲ, ‘ಮೊದಲು ಕಣ್ಣೀರಿನ ಚೀಲ ತೋರಿಸಿಕೊಂಡು ಬನ್ನಿ’ ಎಂದು ಕಳಿಸಿಬಿಟ್ಟರು. ಮತ್ತೊಬ್ಬರಿಗೆ ರೆಪ್ಪೆಯ ಗಂಟು ಮೂರನೇ ಸಲ ಬಂದಿದೆ, ಸೂಜಿಯಲ್ಲೇ ಹೋಗುತ್ತದೋ ಕೊಯ್ಯಲೇಬೇಕೋ ತಿಳಿಯುತ್ತಿಲ್ಲ. ಕಾಯಿಲೆಯ ಹೆಸರು ಇವರಿಗೆಲ್ಲ ಗೊತ್ತಿದೆ. ಯಾವ ದಾರಿ ಹಿಡಿಯಬೇಕು ಎಂಬುದಷ್ಟೇ ಬಗೆಹರಿದಿಲ್ಲ. ಬೇರೆ ಬೇರೆ ಸಲಹೆ ಕೊಟ್ಟ ಇಬ್ಬರು ಡಾಕ್ಟರೂ ಸರಿಯಿರಬಹುದು, ಏಕೆಂದರೆ ರೆಪ್ಪೆಯ ವಿಷಯದಲ್ಲಿ ಏನು ಮಾಡಬೇಕು ಎಂಬುದು ಯಾವಾಗ ಮಾಡುತ್ತೇವೆ ಎಂಬುದಕ್ಕೆ ಗಂಟುಬಿದ್ದಿರುತ್ತದೆ. ಇಲ್ಲಿ ಹಾನಿ ಆಗುವುದು ಹೆಚ್ಚಾಗಿ ಹೊತ್ತು ತಪ್ಪಿದ್ದರಿಂದ.

ಅಳತೆಗೋಲು ಮೊದಲು

ರೆಪ್ಪೆಗೆ ಎರಡು ಕೆಲಸ: ಕಣ್ಣಿನ ಮುಂದಿನ ಗಾಜಿನಂಥ ಪದರವಾದ ಕಾರ್ನಿಯಾವನ್ನು ಒದ್ದೆಯಾಗಿಟ್ಟು ಕಾಯುವುದು, ನೋಡಬೇಕಾದಾಗ ಅಡ್ಡ ಬರದೆ ಸರಿಯುವುದು. ಹಾಗಾಗಿ ಯಾವ ಚಿಕಿತ್ಸೆಯನ್ನೇ ತೂಗುವಾಗಲೂ ಮೊದಲ ಪ್ರಶ್ನೆ, ಕಾರ್ನಿಯಾ ಅಪಾಯದಲ್ಲಿದೆಯೇ? ನಿದ್ದೆಯಲ್ಲಿ ಕಣ್ಣು ಪೂರ್ತಿ ಮುಚ್ಚುತ್ತದೆಯೇ ಎಂದು ಮನೆಯವರೇ ನೋಡಬಹುದು. ದೂರದಿಂದ ಮಂದ ಬೆಳಕು ಬಿಟ್ಟರೆ ಬಿಳಿಗೆರೆ ಕಾಣುತ್ತದೋ ಇಲ್ಲವೋ ತಿಳಿಯುತ್ತದೆ. ಎರಡನೆಯದು, ದೃಷ್ಟಿಗೆ ಅಡ್ಡವಿದೆಯೇ? ಏಳೆಂಟು ವರ್ಷದೊಳಗಿನ ಮಕ್ಕಳಲ್ಲಿ ಇದಕ್ಕೆ ಎರಡು ಪಟ್ಟು ತೂಕ. ಆ ವಯಸ್ಸಿನಲ್ಲಿ ಬೆಳಕು ಸರಿಯಾಗಿ ಒಳಗೆ ಹೋಗದ ಕಣ್ಣನ್ನು ಮೆದುಳು ಕೈಬಿಡುತ್ತದೆ, ಅದೇ ಸೋಮಾರಿ ಕಣ್ಣು. ಮುಂದೆ ರೆಪ್ಪೆ ಎಷ್ಟು ಚೆನ್ನಾಗಿ ಎತ್ತಿದರೂ ಕಳೆದುಹೋದ ದೃಷ್ಟಿ ಪೂರ್ತಿ ಮರಳುವುದಿಲ್ಲ.

ಮೂರನೆಯದು, ಮಾಡಿದ್ದನ್ನು ಹಿಂದಕ್ಕೆ ತಿರುಗಿಸಬಹುದೇ? ರೆಪ್ಪೆ ಎತ್ತಿ ಕಟ್ಟಿದ ಸಿಲಿಕಾನ್ ದಾರ ಬಿಚ್ಚಬಹುದು, ಹೆಚ್ಚಾಗಿ ಕತ್ತರಿಸಿದ ಚರ್ಮ ಮತ್ತೆ ಬರುವುದಿಲ್ಲ. ನಾಲ್ಕನೆಯದು ಅರಿವಳಿಕೆ. ದೊಡ್ಡವರಲ್ಲಿ ಬಹುಪಾಲು ರೆಪ್ಪೆ ಕೆಲಸ ಆ ಜಾಗಕ್ಕಷ್ಟೇ ಮರಗಟ್ಟುವ ಸೂಜಿಯಲ್ಲಿ ಮುಗಿಯುತ್ತದೆ. ಮಕ್ಕಳಿಗೆ ಪೂರ್ಣ ಅರಿವಳಿಕೆ ಬೇಕು, ಅಂದರೆ ಮಕ್ಕಳ ಅರಿವಳಿಕೆಯಲ್ಲಿ ಪಳಗಿದವರಿರುವ ಆಸ್ಪತ್ರೆಯೇ ಬೇಕು.

ಐದನೆಯದು ಎಷ್ಟು ಸಲ ಓಡಾಡಬೇಕು ಎಂಬುದು. ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ದಿನಗೂಲಿ ಮಾಡುವವರಿಗೆ ಬೆಂಗಳೂರಿಗೆ ಐದು ಸಲ ಹೋಗಿಬರುವ ಚಾರ್ಜು, ಹೋದ ಕೂಲಿ, ಜೊತೆಗೆ ಬರುವವರ ಊಟ ಸೇರಿದರೆ ಆಪರೇಷನ್ ಬಿಲ್ಲನ್ನೂ ಮೀರಬಹುದು. ಕಡೆಯದಾಗಿ ದುಡ್ಡು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ; ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30% ಮಾತ್ರ, ಅದೂ 1.5 ಲಕ್ಷದ ಮಿತಿಯಲ್ಲಿ. ಅಂದಕ್ಕಾಗಿ ಮಾಡುವುದಕ್ಕೆ ಯಾವ ಯೋಜನೆಯೂ ಕೊಡುವುದಿಲ್ಲ. ರೆಪ್ಪೆ ನಿಜಕ್ಕೂ ದೃಷ್ಟಿಗೆ ಅಡ್ಡ ಬರುತ್ತಿದ್ದರೆ ಫೋಟೊ, ಪಾಪೆಯಿಂದ ರೆಪ್ಪೆಯಂಚಿಗೆ ಇರುವ ಮಿಲಿಮೀಟರ್ ಅಳತೆ, ದೃಷ್ಟಿಕ್ಷೇತ್ರದ ಪರೀಕ್ಷೆ ಮೂರನ್ನೂ ಫೈಲಿನಲ್ಲಿ ಬರೆಸಿಕೊಳ್ಳಿ. ಚೀಟಿಯಲ್ಲಿ ‘ರೆಪ್ಪೆ ಸರಿಪಡಿಸಲು’ ಎಂದಷ್ಟೇ ಇದ್ದರೆ ಅರ್ಜಿ ವಾಪಸ್ ಬರುತ್ತದೆ.

ಹೋಲಿಸುತ್ತ ಕೂರಬಾರದವು

ಇವಕ್ಕೆ ಆಯ್ಕೆ ಅನ್ನುವುದೇ ಇಲ್ಲ, ಹೊರಡುವುದಷ್ಟೇ.

ಹೊಲದಲ್ಲೋ ನೆಲದ ಮೇಲೋ ಮಲಗಿದ್ದವರಿಗೆ ಬೆಳಗಾಗುವಾಗ ಎರಡೂ ರೆಪ್ಪೆ ಜೋತು, ಮಾತು ತೊದಲಿ, ಹೊಟ್ಟೆನೋವು ಬಂದರೆ ಅದು ಕಟ್ಟುಹಾವಿನ ಕಡಿತ ಆಗಿರಬಹುದು. ಕಚ್ಚಿದ ಗುರುತಾಗಲಿ ನೋವಾಗಲಿ ಇರಲೇಬೇಕೆಂದಿಲ್ಲ. ಕಣ್ಣಿನ ಡಾಕ್ಟರನ್ನು ಹುಡುಕಬೇಡಿ, ವಿಷಹಾರಿ ಚುಚ್ಚುಮದ್ದು ಮತ್ತು ವೆಂಟಿಲೇಟರ್ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ರೆಪ್ಪೆಯ ನಂತರ ಉಸಿರಾಟದ ಸ್ನಾಯುಗಳ ಸರದಿ. ಒಂದೇ ರೆಪ್ಪೆ ಏಕಾಏಕಿ ಬಿದ್ದು, ತಲೆ ಸಿಡಿಯುವ ನೋವು ಬಂದು, ಆ ಕಣ್ಣಿನ ಪಾಪೆ ದೊಡ್ಡದಾಗಿದ್ದರೆ ಮೆದುಳಿನ ರಕ್ತನಾಳ ಉಬ್ಬಿ ಒಡೆಯುವ ಹಂತದಲ್ಲಿರಬಹುದು. ಅದೇ ದಿನ ಸ್ಕ್ಯಾನ್ ಆಗಬೇಕು.

ರೆಪ್ಪೆ ಊದಿ ಜ್ವರ ಬಂದಿದೆ ಅನ್ನಿ. ಕಣ್ಣುಗುಡ್ಡೆ ಬಿಳಿಯಾಗಿದ್ದು ಎಲ್ಲ ದಿಕ್ಕಿಗೂ ಹೊರಳುತ್ತಿದ್ದರೆ ಸೋಂಕು ರೆಪ್ಪೆಯಲ್ಲೇ ಇದೆ, ಮಾತ್ರೆಗೆ ಇಳಿಯಬಹುದು. ಗುಡ್ಡೆ ಮುಂದಕ್ಕೆ ಬಂದು, ಹೊರಳಿಸಿದರೆ ನೋವಾಗಿ, ನೋಟ ಮಸುಕಾದರೆ ಸೋಂಕು ಗುಡ್ಡೆ ಕೂತಿರುವ ಮೂಳೆಯ ಗೂಡಿನೊಳಗೆ ಇಳಿದಿದೆ, ದಾಖಲಾತಿ, ಸಿ.ಟಿ. ಸ್ಕ್ಯಾನ್, ರಕ್ತನಾಳಕ್ಕೆ ಆಂಟಿಬಯಾಟಿಕ್ ತಡವಾಗಬಾರದು. ಸಕ್ಕರೆ ಕಾಯಿಲೆಯವರಿಗೆ ಕೆನ್ನೆ ಮರಗಟ್ಟಿ ಮೂಗಿನಿಂದ ಕಪ್ಪು ಸಿಂಬಳ ಬಂದರೆ 2021ರಲ್ಲಿ ಎಲ್ಲರೂ ಕೇಳಿದ ಕಪ್ಪು ಶಿಲೀಂಧ್ರ ನೆನಪಾಗಬೇಕು.

ಚೆಂಡು ಬಡಿದ ಹುಡುಗನ ಕಣ್ಣು ಹೊರಗಿನಿಂದ ಬೆಳ್ಳಗೇ ಇದ್ದು, ಮೇಲೆ ನೋಡಿದರೆ ವಾಂತಿ ಬರುತ್ತಿದ್ದರೆ ಗೂಡಿನ ತಳದ ತೆಳು ಮೂಳೆ ಬಿರಿದು ಸ್ನಾಯು ಸಿಕ್ಕಿಹಾಕಿಕೊಂಡಿದೆ. ಮಕ್ಕಳಲ್ಲಿ ಇದನ್ನು ಒಂದೆರಡು ದಿನದೊಳಗೆ ಬಿಡಿಸಬೇಕು. ದೊಡ್ಡವರ ಅಂಥದೇ ಮುರಿತಕ್ಕೆ ಸಾಮಾನ್ಯವಾಗಿ ಎರಡು ವಾರ ಸಮಯವಿರುತ್ತದೆ, ಎರಡೆರಡು ಕಾಣುವುದು ತಾನಾಗಿ ಹೋದರೆ ಆಪರೇಷನ್ನೇ ಬೇಡ. ಅಲ್ಲಿಯತನಕ ಮೂಗು ಸೀನಬಾರದು, ಗಾಳಿ ಗೂಡಿಗೆ ನುಗ್ಗುತ್ತದೆ. ದನದ ಕೊಂಬು ತಗುಲಿಯೋ ನಾಯಿ ಕಚ್ಚಿಯೋ ರೆಪ್ಪೆ ಮೂಗಿನ ಕಡೆ ಹರಿದಿದ್ದರೆ ಕಣ್ಣೀರಿನ ನಾಳವೂ ತುಂಡಾಗಿರುವ ಸಂಭವ ಹೆಚ್ಚು. ಬರೀ ಚರ್ಮ ಹೊಲಿಸಿಕೊಂಡು ಬಂದರೆ ಜೀವಮಾನವಿಡೀ ನೀರು ಸುರಿಯುತ್ತದೆ. ನಾಳದೊಳಗೆ ಸಿಲಿಕಾನ್ ಕೊಳವೆ ಇಟ್ಟು ಹೊಲಿಯುವವರ ಬಳಿ ಒಂದೆರಡು ದಿನದಲ್ಲಿ ತಲುಪಿ, ಹರಿದ ಚೂರನ್ನು ಯಾರೂ ಕತ್ತರಿಸಿ ಎಸೆಯದಂತೆ ನೋಡಿಕೊಳ್ಳಿ. ಮಗುವಿನ ಪಾಪೆ ಫೋಟೊದಲ್ಲಿ ಬೆಳ್ಳಗೆ ಹೊಳೆದರೂ, ಕಣ್ಣು ದಿನದಿನಕ್ಕೆ ಉಬ್ಬಿ ಬಂದರೂ ಗಡ್ಡೆಯ ಅನುಮಾನ. ಆ ವಾರವೇ ತೋರಿಸಬೇಕು.

ರೆಪ್ಪೆಯ ಗಂಟು

ಕಣ್ಕುಟಿಗೆ ಅಂದರೆ ಕೂದಲಿನ ಬುಡದ ಸೋಂಕು. ಕೆಂಪು, ನೋವು, ಒಂದೆರಡು ವಾರದಲ್ಲಿ ಒಡೆದು ಹೋಗುತ್ತದೆ. ಕೆಲೇಜಿಯನ್ ಬೇರೆ, ರೆಪ್ಪೆಯೊಳಗಿನ ಎಣ್ಣೆಗ್ರಂಥಿಯ ಬಾಯಿ ಕಟ್ಟಿ ನೋವಿಲ್ಲದ ಗಟ್ಟಿ ಕಾಳು ಉಳಿಯುತ್ತದೆ. ಅದರಲ್ಲಿ ಕೀವು ಇಲ್ಲ, ಆದ್ದರಿಂದ ಆಂಟಿಬಯಾಟಿಕ್ ಮಾತ್ರೆ ನುಂಗಿ ಪ್ರಯೋಜನವಿಲ್ಲ. ಬೆಳ್ಳುಳ್ಳಿ ಉಜ್ಜುವ ಮನೆಮದ್ದು ಎರಡಕ್ಕೂ ಬೇಡ, ರೆಪ್ಪೆಯ ಚರ್ಮ ಸುಟ್ಟುಹೋಗುತ್ತದೆ.

ಮೊದಲ ಆಯ್ಕೆ ಶಾಖ. ಹೆಚ್ಚಿನವರು ಇದನ್ನು ತಪ್ಪಾಗಿ ಮಾಡಿ ‘ಕೆಲಸಕ್ಕೆ ಬರಲಿಲ್ಲ’ ಅನ್ನುತ್ತಾರೆ. ಬಿಸಿನೀರಲ್ಲಿ ಅದ್ದಿದ ಬಟ್ಟೆ ಎರಡು ನಿಮಿಷಕ್ಕೆ ಆರುತ್ತದೆ, ಗಟ್ಟಿಯಾದ ಎಣ್ಣೆ ಕರಗಲು 10 ನಿಮಿಷ ಬೇಕು. ಫ್ಲಾಸ್ಕಿನಲ್ಲಿ ಬಿಸಿನೀರಿಟ್ಟು ಎರಡು ಬಟ್ಟೆ ಬದಲಿಸುತ್ತ ಹೋಗಿ, ಮೊದಲು ಮಣಿಕಟ್ಟಿನ ಒಳಬದಿಗೆ ಇಟ್ಟು ಸುಡುವುದಿಲ್ಲ ಅನ್ನುವುದನ್ನು ಖಾತ್ರಿ ಮಾಡಿಕೊಳ್ಳಿ. ಕಾಸಿದ ಮೇಲೆ ಮೇಲಿನ ರೆಪ್ಪೆಯನ್ನು ಕೆಳಕ್ಕೆ, ಕೆಳಗಿನದನ್ನು ಮೇಲಕ್ಕೆ, ಅಂದರೆ ಕೂದಲಿನ ಕಡೆಗೆ ಮೆಲ್ಲಗೆ ಒತ್ತಿ ಸವರಬೇಕು. ದಿನಕ್ಕೆ ನಾಲ್ಕು ಸಲ, ನಾಲ್ಕರಿಂದ ಆರು ವಾರ. ಖರ್ಚಿಲ್ಲ, ಬೇಕಾಗಿರುವುದು ತಾಳ್ಮೆ.

ಎರಡನೆಯದು ಗಂಟಿನೊಳಗೆ ಸ್ಟೀರಾಯ್ಡ್ ಸೂಜಿ. ಎರಡೇ ನಿಮಿಷದ ಕೆಲಸ, ಕಟ್ಟು ಹಾಕುವುದಿಲ್ಲ, ಕಣ್ಣೀರಿನ ನಾಳದ ಹತ್ತಿರ ಕೊಯ್ಯಲು ಹೆದರಿಕೆಯಿರುವ ಜಾಗಕ್ಕೆ ಒಪ್ಪುತ್ತದೆ. ನಮ್ಮ ಮೈಬಣ್ಣಕ್ಕೆ ಮಾತ್ರ ಒಂದು ತೊಡಕಿದೆ: ಚರ್ಮದ ಕಡೆಯಿಂದ ಚುಚ್ಚಿದರೆ ಬಿಳಿಮಚ್ಚೆ ಉಳಿದು ತಿಂಗಳುಗಟ್ಟಲೆ ಹೋಗದಿರಬಹುದು. ರೆಪ್ಪೆ ಮಗುಚಿ ಒಳಗಿನಿಂದ ಚುಚ್ಚಿಸಿಕೊಳ್ಳುವುದು ಮೇಲು. ಮೂರನೆಯದು ಒಳಗಿನಿಂದಲೇ ಸೀಳಿ ಕೆರೆದು ತೆಗೆಯುವುದು. ಹದಿನೈದು ನಿಮಿಷ, ಹೊರಗೆ ಗಾಯದ ಗುರುತು ಇಲ್ಲ, ಕೆಲವು ಗಂಟೆ ಕಟ್ಟು. ದೊಡ್ಡ, ಹಳೆಯ, ಗಟ್ಟಿ ಗಂಟಿಗೆ ಇದೇ ಖಾತ್ರಿ. ಮಗುವಿಗಾದರೆ ಪೂರ್ಣ ಅರಿವಳಿಕೆ ಬೇಕಾಗುವುದರಿಂದ ಶಾಖಕ್ಕೆ ಇನ್ನೂ ಎರಡು ತಿಂಗಳು ಕೊಡುವುದರಲ್ಲಿ ತಪ್ಪಿಲ್ಲ, ಗಂಟು ಕಾರ್ನಿಯಾವನ್ನು ಅದುಮಿ ನೋಟ ಕೆಡಿಸದಿದ್ದರೆ.

ಐವತ್ತು ದಾಟಿದವರಲ್ಲಿ ಅದೇ ಜಾಗಕ್ಕೆ ಗಂಟು ಮರಳಿದರೆ, ಅಲ್ಲಿನ ರೆಪ್ಪೆಕೂದಲು ಉದುರಿದ್ದರೆ, ತುದಿ ಹುಣ್ಣಾಗಿದ್ದರೆ ಲೆಕ್ಕವೇ ಬೇರೆ. ಎಣ್ಣೆಗ್ರಂಥಿಯ ಕ್ಯಾನ್ಸರ್ ಥೇಟ್ ಕೆಲೇಜಿಯನ್ ವೇಷದಲ್ಲೇ ಬರುತ್ತದೆ, ಭಾರತದಲ್ಲಿ ಪಶ್ಚಿಮ ದೇಶಗಳಿಗಿಂತ ಹೆಚ್ಚು ಕಾಣುತ್ತದೆ. ಕೆರೆದ ತುಣುಕನ್ನು ಬಯಾಪ್ಸಿಗೆ ಕಳಿಸಿ ಎಂದು ನೀವೇ ಕೇಳಿ. ಆ ಖರ್ಚು ಉಳಿಸುವ ಜಾಗ ಇದಲ್ಲ.

ಜೋತ ರೆಪ್ಪೆ

ಇಲ್ಲಿ ಆಯ್ಕೆಗಳು ಹೆಚ್ಚು, ಗೊಂದಲವೂ ಹೆಚ್ಚು. ಆದರೆ ಯಾವ ಆಪರೇಷನ್ ಎಂಬುದು ಬಹುಮಟ್ಟಿಗೆ ಒಂದು ಅಳತೆಯ ಮೇಲೆ ನಿಂತಿದೆ. ಹುಬ್ಬನ್ನು ಹೆಬ್ಬೆರಳಲ್ಲಿ ಒತ್ತಿಹಿಡಿದು ಕೆಳಗೆ ನೋಡಿಸಿ ಆಮೇಲೆ ಮೇಲೆ ನೋಡಿಸಿದಾಗ ರೆಪ್ಪೆಯಂಚು ಎಷ್ಟು ಮಿಲಿಮೀಟರ್ ಸರಿಯುತ್ತದೆ? ಸಹಜವಾಗಿ 12ರಿಂದ 15. ರೆಪ್ಪೆ ಎತ್ತುವ ಸ್ನಾಯುವಿನ ತಾಕತ್ತು ಅದು. ಈ ಅಂಕಿ ಬರೆಯದ ಚೀಟಿ ಹಿಡಿದು ಆಪರೇಷನ್ನಿಗೆ ಒಪ್ಪಬೇಡಿ.

ವಯಸ್ಸಾದವರಲ್ಲಿ ಸ್ನಾಯು ಗಟ್ಟಿಯಾಗಿಯೇ ಇರುತ್ತದೆ, ಅದನ್ನು ರೆಪ್ಪೆಗೆ ಕಟ್ಟಿದ ಹಾಳೆಯಂಥ ಭಾಗ ಸಡಿಲಗೊಂಡಿರುತ್ತದೆ. ಮಗ್ಗದ ಹುರಿ ಜಾರಿದಂತೆ. ಸಡಿಲವನ್ನು ಮುಂದೆಳೆದು ಹೊಲಿಯುವುದು ಅವರಿಗೆ ತಕ್ಕದ್ದು. ಮರಗಟ್ಟಿಸಿ ಮಾಡುವುದರಿಂದ ನಡುವೆ ಎಬ್ಬಿಸಿ ಕೂರಿಸಿ ‘ಕಣ್ಣು ಬಿಡಿ’ ಎಂದು ಎತ್ತರ ಸರಿಹೊಂದಿಸಬಹುದು. ಆದರೂ ಒಂದು ಮಿಲಿಮೀಟರ್ ಆಚೆ ಈಚೆ ಆಗಿ ಮತ್ತೊಮ್ಮೆ ಹೊಲಿಗೆ ಸರಿಪಡಿಸುವುದು ಅಪರೂಪವಲ್ಲ. ಇದನ್ನು ಮೊದಲೇ ಒಪ್ಪಿಕೊಂಡು ಹೋಗಬೇಕು. ಜೋತಿರುವುದು 2 ಮಿಲಿಮೀಟರಿನಷ್ಟೇ ಆಗಿದ್ದು, ಫಿನೈಲೆಫ್ರಿನ್ ಹನಿ ಹಾಕಿದ ಸ್ವಲ್ಪ ಹೊತ್ತಿಗೆ ರೆಪ್ಪೆ ಏರಿದರೆ ಒಳಗಿನಿಂದ ಮಾಡುವ ಚಿಕ್ಕ ಆಪರೇಷನ್ ಸಾಕಾಗುತ್ತದೆ. ಹೊರಗೆ ಗೆರೆಯಿಲ್ಲ, ಫಲವನ್ನೂ ಮೊದಲೇ ಅಂದಾಜಿಸಬಹುದು. ಹೆಚ್ಚು ಜೋತಿದ್ದರೆ ಇದು ನಡೆಯದು. ಇನ್ನೊಂದು ತೊಡಕು: ಜೋತ ರೆಪ್ಪೆಯನ್ನು ಬೆರಳಲ್ಲಿ ಎತ್ತಿ ಹಿಡಿದಾಗ ಇನ್ನೊಂದು ಕಣ್ಣಿನ ರೆಪ್ಪೆ ಇಳಿಯುತ್ತದೆಯೇ ನೋಡಿ. ಇಳಿದರೆ ಎರಡೂ ಜೋತಿವೆ, ಒಂದನ್ನಷ್ಟೇ ಸರಿಮಾಡಿಸಿದರೆ ಮರುವಾರ ಇನ್ನೊಂದರ ಗೋಳು.

ಹುಟ್ಟಿನಿಂದ ಜೋತ ರೆಪ್ಪೆಯಲ್ಲಿ ಸ್ನಾಯುವೇ ಬಲಹೀನ. 5 ಮಿಲಿಮೀಟರಿಗೆ ಮೇಲೆ ಸರಿಯುವುದಾದರೆ ಸ್ನಾಯು ಮೊಟಕು ಮಾಡಿ ಬಿಗಿಯಬಹುದು. 4 ಅಥವಾ ಅದಕ್ಕಿಂತ ಕಡಿಮೆಯಾದರೆ ರೆಪ್ಪೆಯನ್ನು ಹುಬ್ಬಿನ ಸ್ನಾಯುವಿಗೆ ತೂಗುಹಾಕಬೇಕು, ಜೋಲಿಯ ಹಾಗೆ. ಯಾವ ಹಗ್ಗದಿಂದ ಅನ್ನುವುದೇ ಪೋಷಕರ ನಿಜವಾದ ಆಯ್ಕೆ. ಮಗುವಿನದೇ ತೊಡೆಯ ಹೊರಬದಿಯ ಪೊರೆಪಟ್ಟಿ ತೆಗೆದು ಬಳಸಿದರೆ ದೇಹ ಅದನ್ನು ತನ್ನದೆಂದು ಒಪ್ಪುತ್ತದೆ, ವರ್ಷಾನುಗಟ್ಟಲೆ ನಿಲ್ಲುತ್ತದೆ. ಆದರೆ ತೊಡೆಯಲ್ಲಿ ಎರಡನೇ ಗಾಯ, ಮಗುವಿಗೆ ಮೂರು ನಾಲ್ಕು ವರ್ಷವಾದರೂ ಆಗಿರಬೇಕು, ತೆಗೆಯಲು ಬರುವ ಸರ್ಜನ್ ಬೇಕು. ಸಿಲಿಕಾನ್ ದಾರಕ್ಕೆ ವಯಸ್ಸಿನ ಹಂಗಿಲ್ಲ, ಸಮಯ ಕಡಿಮೆ, ಹೆಚ್ಚುಕಡಿಮೆ ಆದರೆ ಬಿಗಿಮಾಡಬಹುದು, ಬಿಚ್ಚಲೂಬಹುದು. ಪ್ರತಿಯಾಗಿ, ವರ್ಷಗಳಲ್ಲಿ ಜಾರಿ ರೆಪ್ಪೆ ಮತ್ತೆ ಇಳಿಯುವ ಸಂಭವ ಹೆಚ್ಚು, ಕೆಲವರಲ್ಲಿ ದಾರ ಹುಬ್ಬಿನ ಮೇಲೆ ಹೊರಬರುತ್ತದೆ.

ಹಾಗಾದರೆ ಯಾವಾಗ? ಮಗು ಗಲ್ಲ ಎತ್ತಿ, ಹುಬ್ಬೇರಿಸಿ ನೋಡುತ್ತಿದ್ದರೆ ನೋಡಲು ಅಸಹ್ಯವೆನಿಸಬಹುದು, ಆದರೆ ಅದು ಒಳ್ಳೆಯ ಲಕ್ಷಣ. ಆ ಕಣ್ಣನ್ನು ಮಗು ಬಳಸುತ್ತಿದೆ. ಒಂದು ರೆಪ್ಪೆ ಪಾಪೆ ಮುಚ್ಚಿದ್ದರೂ ಮಗು ಗಲ್ಲ ಎತ್ತುವುದೇ ಇಲ್ಲ ಎಂದಾದರೆ ಅದು ಆ ಕಣ್ಣನ್ನು ಬಿಟ್ಟುಕೊಟ್ಟಿದೆ. ಆಗ ತಿಂಗಳುಗಳೂ ಮುಖ್ಯ, ಸಿಲಿಕಾನ್ ದಾರದಲ್ಲಿ ಈಗಲೇ ಎತ್ತಿಸಿ ಮುಂದೆ ತೊಡೆಯ ಪಟ್ಟಿಗೆ ಬದಲಿಸಬಹುದು. ಪಾಪೆ ತೆರೆದಿದ್ದರೆ ಮೂರರಿಂದ ಐದು ವರ್ಷದ ನಡುವೆ, ಅಳತೆ ನಿಖರವಾಗಿ ಸಿಕ್ಕ ಮೇಲೆ ಮಾಡಿಸುವುದು ಜಾಣತನ. ಕಾಯುವಾಗ ಕನ್ನಡಕದ ಪರೀಕ್ಷೆ ಆರು ತಿಂಗಳಿಗೊಮ್ಮೆ ಆಗಲೇಬೇಕು, ಜೋತ ರೆಪ್ಪೆಯ ಒತ್ತಡಕ್ಕೆ ಕಣ್ಣಿನ ನಂಬರ್ ಬದಲಾಗುತ್ತದೆ. ತೂಗುಹಾಕಿದ ರೆಪ್ಪೆ ನಿದ್ದೆಯಲ್ಲಿ ಪೂರ್ತಿ ಮುಚ್ಚುವುದಿಲ್ಲ. ತಿಂಗಳುಗಟ್ಟಲೆ ರಾತ್ರಿ ಮುಲಾಮು, ಹಗಲು ಹನಿ ಹಾಕುವ ಶಿಸ್ತು ಮನೆಯಲ್ಲಿ ಇದೆಯೇ ಎಂದು ಮೊದಲೇ ಯೋಚಿಸಿ. ಹಾಕದಿದ್ದರೆ ಕಾರ್ನಿಯಾ ಒಣಗಿ ಹುಣ್ಣಾಗುತ್ತದೆ, ರೆಪ್ಪೆ ಎತ್ತಲು ಹೋಗಿ ಕಣ್ಣೇ ಹೋದಂತೆ.

ಕತ್ತರಿ ಮುಟ್ಟಲೇಬಾರದ ಜೋತ ರೆಪ್ಪೆಗಳೂ ಇವೆ. ಬೆಳಿಗ್ಗೆ ಸರಿಯಿದ್ದು ಸಂಜೆಗೆ ಬೀಳುತ್ತಿದ್ದರೆ ಸ್ನಾಯುಗಳು ಬೇಗ ದಣಿಯುವ ಕಾಯಿಲೆಯಾದ ಮಯಸ್ತೇನಿಯಾ ಇರಬಹುದು. ಎರಡು ನಿಮಿಷ ಮಂಜುಗಡ್ಡೆ ಇಟ್ಟಾಗ 2 ಮಿಲಿಮೀಟರ್ ಏರಿದರೆ ಅನುಮಾನ ಗಟ್ಟಿ. ನರರೋಗ ತಜ್ಞರ ಮಾತ್ರೆ ಅದರ ದಾರಿ. ಸಕ್ಕರೆ ಕಾಯಿಲೆಯವರಿಗೆ ನರ ಸೋತು ಬಿದ್ದ ರೆಪ್ಪೆ ಸಾಮಾನ್ಯವಾಗಿ ಮೂರು ತಿಂಗಳೊಳಗೆ ತಾನೇ ಏಳುತ್ತದೆ.

ರೆಪ್ಪೆ ಸರಿಯಿದ್ದು ಚರ್ಮ ಮಾತ್ರ ಸಡಿಲವಾಗಿ ನೇತಾಡುತ್ತಿದ್ದರೆ ಚರ್ಮ ಕತ್ತರಿಸುವುದು ಬೇರೆಯೇ ಆಪರೇಷನ್. ಹುಬ್ಬಿನಿಂದ ರೆಪ್ಪೆಕೂದಲಿನವರೆಗೆ 20 ಮಿಲಿಮೀಟರ್ ಚರ್ಮ ಉಳಿಯಲೇಬೇಕು, ಇಲ್ಲದಿದ್ದರೆ ಕಣ್ಣು ಮುಚ್ಚದು. ಮದುವೆ ಸೀಸನ್ನಿನ ಅವಸರಕ್ಕೆ ಮಾಡಿಸುವ ಕೆಲಸವಲ್ಲ ಇದು.

ಒಳಗೆ ಮಡಚಿದ್ದು, ಹೊರಗೆ ತಿರುಗಿದ್ದು, ಮುಚ್ಚದ್ದು

ಕೆಳರೆಪ್ಪೆ ಒಳಮಡಚಿ ಕೂದಲು ಕಾರ್ನಿಯಾ ಉಜ್ಜುತ್ತಿದ್ದರೆ ಕೂದಲು ಕೀಳಿಸುವುದು ಅಗ್ಗದ ಆಯ್ಕೆ, ಆದರೆ ನಾಲ್ಕಾರು ವಾರಕ್ಕೆ ಮತ್ತೆ ಮೊಳೆಯುತ್ತದೆ, ಮೊಳೆಯುವ ಕೂದಲು ಮುಳ್ಳಿನ ಹಾಗೆ ಚೂಪು. ಹಾಸಿಗೆ ಹಿಡಿದ ಹಿರಿಯರಿಗೆ ಮಂಚದ ಪಕ್ಕದಲ್ಲೇ ಹತ್ತು ನಿಮಿಷದಲ್ಲಿ ಹಾಕುವ ಮೂರು ಹೊಲಿಗೆ ಸಾಕು, ಮರುಕಳಿಸಿದರೆ ಮತ್ತೆ ಹಾಕಬಹುದು. ಓಡಾಡುವವರು ಹೊರಮೂಲೆಯ ಸ್ನಾಯುರಜ್ಜು ಬಿಗಿಮಾಡುವ ಆಪರೇಷನ್ನನ್ನೇ ಮಾಡಿಸಿಕೊಳ್ಳಲಿ, ಅದು ಬಾಳುತ್ತದೆ. ಟ್ರಕೋಮಾ ಎಂಬ ಹಳೆಯ ಕಣ್ಣಿನ ಸೋಂಕಿನಿಂದ ರೆಪ್ಪೆ ಮಡಚಿದ ಹಿರಿಯರು ಈಗಲೂ ಸಿಗುತ್ತಾರೆ. 2024ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದಲ್ಲಿ ಆ ರೋಗ ಸಾರ್ವಜನಿಕ ಸಮಸ್ಯೆಯಾಗಿ ಉಳಿದಿಲ್ಲವೆಂದು ಘೋಷಿಸಿದರೂ ಹಳೆಯ ಕಲೆ ಹೋಗಿಲ್ಲ. ಅವರಿಗೆ ರೆಪ್ಪೆಯನ್ನೇ ಸೀಳಿ ತಿರುಗಿಸಬೇಕು, ಬರೀ ಹೊಲಿಗೆ ನಿಲ್ಲದು.

ಹೊರಗೆ ತಿರುಗಿದ ರೆಪ್ಪೆಯಿಂದ ನೀರು ಇಳಿಯುತ್ತದೆ, ಟವೆಲ್ಲಿನಿಂದ ಕೆಳಕ್ಕೆ ಒರೆಸಿ ಒರೆಸಿ ಇನ್ನಷ್ಟು ಜಗ್ಗುತ್ತದೆ. ಮೇಲಕ್ಕೆ, ಮೂಗಿನ ಕಡೆಗೆ ಒರೆಸಿ. ಮುಖದ ಪಾರ್ಶ್ವವಾಯುವಿನಿಂದ ಕಣ್ಣು ಮುಚ್ಚದಿದ್ದರೆ ಮೂರು ದಿನದೊಳಗೆ ಸ್ಟೀರಾಯ್ಡ್ ಮಾತ್ರೆ ಶುರುವಾಗಬೇಕು. ಬಹುಪಾಲು ಜನರಿಗೆ ಕೆಲವು ತಿಂಗಳಲ್ಲಿ ವಾಸಿಯಾಗುವುದರಿಂದ ಅಲ್ಲಿಯತನಕ ಹನಿ, ರಾತ್ರಿ ಮುಲಾಮು ಹಾಕಿ ಟೇಪ್ ಅಂಟಿಸುವುದೇ ಸಾಕು. ವಾಸಿಯಾಗದೆ ಉಳಿದರೆ ರೆಪ್ಪೆಯಂಚನ್ನು ಭಾಗಶಃ ಹೊಲಿಯುವುದು ಅಗ್ಗ, ಭದ್ರ, ಆದರೆ ಕಣ್ಣು ಚಿಕ್ಕದಾಗಿ ಕಾಣುತ್ತದೆ. ಮೇಲಿನ ರೆಪ್ಪೆಯೊಳಗೆ ಒಂದು ಗ್ರಾಂ ಆಸುಪಾಸಿನ ಚಿನ್ನದ ತುಣುಕು ಇಡುವುದು ನೋಡಲು ಚೆನ್ನ, ಕೈ ಕಚ್ಚುತ್ತದೆ.

ಸುರಿಯುವ ನೀರು

ಮೆಕ್ಕೆಜೋಳ ಒಕ್ಕುವ ದಿನಗಳಲ್ಲಿ ದಾವಣಗೆರೆ ಸುತ್ತಮುತ್ತ ಯಾರ ಕಣ್ಣಲ್ಲಿ ನೀರು ಬರುವುದಿಲ್ಲ? ಧೂಳು ಕಾರಣವೋ ಕಣ್ಣೀರನ್ನು ಮೂಗಿಗೆ ಇಳಿಸುವ ನಾಳ ಕಟ್ಟಿದೆಯೋ ತಿಳಿಯಲು ನಾಳಕ್ಕೆ ನೀರು ಹಾಯಿಸಿ ನೋಡುವ ಪರೀಕ್ಷೆ ಇದೆ. ಗಂಟಲಿಗೆ ನೀರು ಬಂದರೆ ನಾಳ ತೆರೆದಿದೆ, ಆಪರೇಷನ್ ಬೇಡ. ಒಣಗಣ್ಣಿಗೂ ನೀರು ಸುರಿಯುತ್ತದೆ.

ಶಿಶುಗಳಲ್ಲಿ ಕಾಯುವುದೇ ಗೆಲ್ಲುತ್ತದೆ. ಉಗುರು ಕತ್ತರಿಸಿದ ಬೆರಳನ್ನು ಕಣ್ಣಿನ ಒಳಮೂಲೆಗೆ ಇಟ್ಟು, ಮೂಳೆಗೆ ಒತ್ತಿ, ಮೂಗಿನ ಪಕ್ಕದಲ್ಲಿ ಕೆಳಕ್ಕೆ ಜಾರಿಸಬೇಕು. ಒಮ್ಮೆಗೆ ಐದರಿಂದ ಹತ್ತು ಸಲ, ದಿನಕ್ಕೆ ನಾಲ್ಕು ಬಾರಿ. ಕಣ್ಣಿನ ಸುತ್ತ ಸವರಿದರೆ ಅದು ಮಸಾಜ್ ಆಗಲಿಲ್ಲ, ಮುದ್ದು ಮಾಡಿದಂತಾಯಿತು. ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ವರ್ಷ ತುಂಬುವಷ್ಟರಲ್ಲಿ ಸರಿಹೋಗುತ್ತದೆ. ಉಳಿದವರಿಗೆ ಸಣ್ಣ ತಂತಿ ಹಾಯಿಸಿ ನಾಳ ಬಿಡಿಸುತ್ತಾರೆ. ಒಂದು ವರ್ಷದ ಆಸುಪಾಸು ಸರಿಯಾದ ಹೊತ್ತು, ತಡವಾದಷ್ಟೂ ಫಲ ಇಳಿಯುತ್ತದೆ. ಕಾಡಿಗೆ, ಹರಳೆಣ್ಣೆ, ಎದೆಹಾಲು ಯಾವುದೂ ನಾಳ ತೆರೆಯುವುದಿಲ್ಲ. ಮಗು ಬೆಳಕಿಗೆ ಕಣ್ಣು ಮುಚ್ಚಿಕೊಂಡು, ಕರಿಗುಡ್ಡೆ ದೊಡ್ಡದಾಗಿ ಮಸುಕಾಗಿದ್ದರೆ ಅದು ಕಣ್ಣಿನೊಳಗಿನ ಒತ್ತಡ ಏರುವ ಗ್ಲಾಕೋಮಾ ಇರಬಹುದು. ಮಸಾಜ್ ಮಾಡುತ್ತ ಕಾಯಬೇಡಿ.

ದೊಡ್ಡವರಲ್ಲಿ ಕಟ್ಟಿದ ನಾಳ ತಾನಾಗಿ ತೆರೆಯದು. ಕಣ್ಣಿನ ಒಳಮೂಲೆಯಲ್ಲಿರುವ ಕಣ್ಣೀರಿನ ಚೀಲದ ಮೇಲೆ ಒತ್ತಿದರೆ ಕೀವು ಬರುವವರಿಗೆ ಪೊರೆ ಆಪರೇಷನ್ ಮಾಡಿದರೆ ಆ ಕೀವು ಕಣ್ಣೊಳಗೆ ಹೋಗಿ ಕಣ್ಣೇ ಹೋಗಬಹುದು. ಕ್ಯಾಂಪಿನವರು ಅಜ್ಜಿಯನ್ನು ವಾಪಸ್ ಕಳಿಸಿದ್ದು ಇದಕ್ಕೇ, ಅವರಿಗೆ ಕೃತಜ್ಞರಾಗಿರಿ.

ಚೀಲದಿಂದ ಮೂಗಿಗೆ ಹೊಸ ಬಾಗಿಲು ತೆರೆಯುವ ಡಿಸಿಆರ್ ಮೂರು ಬಗೆ. ಹೊರಗಿನಿಂದ ಮಾಡುವುದು ಹಳೆಯದು, ಹತ್ತರಲ್ಲಿ ಒಂಬತ್ತು ಸಲ ಗೆಲ್ಲುತ್ತದೆ, ಖರ್ಚು ಕಡಿಮೆ. ಮೂಗಿನ ಪಕ್ಕ ಬೆರಳುಗುರಿನಷ್ಟು ಗೆರೆ ಉಳಿದು ಕ್ರಮೇಣ ಮಾಸುತ್ತದೆ. ಎಂಡೋಸ್ಕೋಪಿನಲ್ಲಿ ಮೂಗಿನ ಒಳಗಿನಿಂದ ಮಾಡಿದರೆ ಗೆರೆಯಿಲ್ಲ, ಪಳಗಿದ ಕೈಯಲ್ಲಿ ಫಲ ಹೆಚ್ಚುಕಡಿಮೆ ಅಷ್ಟೇ, ಮೂಗಿನ ಅಡ್ಡಗೋಡೆ ಸೊಟ್ಟಗಿದ್ದರೆ ಅದನ್ನೂ ಆಗಲೇ ಸರಿಮಾಡಬಹುದು. ಉಪಕರಣದ ಖರ್ಚು ಮಾತ್ರ ಬಿಲ್ಲಿಗೆ ಬೀಳುತ್ತದೆ. ಲೇಸರ್ ಎಂದರೆ ಎಲ್ಲರಿಗೂ ಆಸೆ: ಬೇಗ ಮುಗಿಯುತ್ತದೆ, ರಕ್ತ ಕಡಿಮೆ. ಆದರೆ ಕಿಂಡಿ ಚಿಕ್ಕದು, ಮತ್ತೆ ಕೂಡಿಕೊಳ್ಳುವುದು ಹೆಚ್ಚು. ರಕ್ತ ತೆಳುಮಾಡುವ ಮಾತ್ರೆ ನಿಲ್ಲಿಸಲಾಗದವರನ್ನು ಬಿಟ್ಟು ಉಳಿದವರಿಗೆ ಲೇಸರಿಗೆ ಹೆಚ್ಚು ಕೊಡುವುದು ಹೆಸರಿಗೆ ಕೊಟ್ಟಂತೆ. ನಾಲ್ಕನೆಯ ದಾರಿ ಚೀಲವನ್ನೇ ತೆಗೆದುಬಿಡುವುದು. ಎಂಬತ್ತರ ಅಜ್ಜಿಗೆ, ಬಿಪಿ ಹತೋಟಿಗೆ ಬರದವರಿಗೆ, ಬೇಗ ಪೊರೆ ತೆಗೆಸಬೇಕಾದವರಿಗೆ ಇದೇ ಸುಖ. ಕೀವಿನ ಕಾಟ ಮುಗಿಯುತ್ತದೆ. ನೀರು ಒಸರುವುದು ಉಳಿಯುತ್ತದೆ, ವಯಸ್ಸಾದ ಕಣ್ಣಲ್ಲಿ ಅದೂ ಕಡಿಮೆಯೇ. ಚೀಲ ಕೆಂಪಾಗಿ ಊದಿ ಸಿಡಿಯುವಂತಿದ್ದರೆ ಮಾತ್ರ ಇವ್ಯಾವುದೂ ಆಗ ಬೇಡ, ಮೊದಲು ಔಷಧಿಯಲ್ಲಿ ಸೋಂಕು ಇಳಿಯಬೇಕು.

ಉಬ್ಬಿದ ಕಣ್ಣು

ದೊಡ್ಡವರಲ್ಲಿ ಕಣ್ಣು ಮುಂದೆ ಬರುವುದಕ್ಕೆ ಹೆಚ್ಚಾಗಿ ಥೈರಾಯ್ಡ್ ಕಾರಣ. ಇಲ್ಲಿ ಸರದಿ ತಪ್ಪಿದರೆ ದುಡ್ಡು ದಂಡ: ಮೊದಲು ಥೈರಾಯ್ಡ್ ಹತೋಟಿ ಮತ್ತು ಬೀಡಿ ಸಿಗರೇಟು ಬಿಡುವುದು, ಉರಿಯೂತ ಇರುವಾಗ ವಾರಕ್ಕೊಮ್ಮೆಯಂತೆ 12 ವಾರ ರಕ್ತನಾಳಕ್ಕೆ ಸ್ಟೀರಾಯ್ಡ್, ಅದು ಆರಿದ ಮೇಲೆ ಗೂಡಿನ ಮೂಳೆ ತೆಗೆದು ಜಾಗ ಮಾಡುವುದು, ನಂತರ ಮೆಳ್ಳೆ, ಕಡೆಗೆ ರೆಪ್ಪೆ. ಮೊದಲೇ ರೆಪ್ಪೆ ಇಳಿಸಿಕೊಂಡರೆ ಮುಂದಿನ ಆಪರೇಷನ್ನಿನಲ್ಲಿ ಅದು ಮತ್ತೆ ಕೆಡುತ್ತದೆ. ಕೆಂಪು ಬಣ್ಣ ಮಂಕಾಗಿ ಕಾಣತೊಡಗಿದರೆ ಕಣ್ಣಿನ ನರ ಅದುಮಿಕೊಂಡಿದೆ, ಈ ಸರದಿಯನ್ನೆಲ್ಲ ಬಿಟ್ಟು ಓಡಬೇಕು.

ಖಾಲಿಯಾದ ಗೂಡು

ನೋವಿನ ಕುರುಡುಗಣ್ಣಿನ ಒಳತಿರುಳನ್ನಷ್ಟೇ ತೆಗೆದು ಬಿಳಿಗೋಡೆ ಉಳಿಸಿದರೆ ಕೃತಕ ಕಣ್ಣು ಚೆನ್ನಾಗಿ ಹೊರಳುತ್ತದೆ. ಗಡ್ಡೆಯ ಅನುಮಾನವಿದ್ದರೆ ಇಡೀ ಗುಡ್ಡೆ ತೆಗೆಯಲೇಬೇಕು. ಗೂಡಿಗೆ 18ರಿಂದ 22 ಮಿಲಿಮೀಟರಿನ ಗುಂಡು ಇಡದೆ ಹೊಲಿದರೆ ಕಣ್ಣು ಗುಳಿಬಿದ್ದು ಮೇಲಿನ ರೆಪ್ಪೆ ಕುಸಿಯುತ್ತದೆ, ಹಾಗಾಗಿ ಗುಂಡಿನ ವಿಷಯದಲ್ಲಿ ಉಳಿತಾಯ ಬೇಡ. ಯಾವ ಗುಂಡು ಎಂಬುದರಲ್ಲಿ ಉಳಿಸಬಹುದು: ಅಗ್ಗದ ಅಕ್ರಿಲಿಕ್ ಗುಂಡೂ ದುಬಾರಿ ರಂಧ್ರಗುಂಡೂ ಚಲನೆಯಲ್ಲಿ ಬರಿಗಣ್ಣಿಗೆ ಕಾಣುವಷ್ಟು ವ್ಯತ್ಯಾಸ ತೋರುವುದಿಲ್ಲ. ಉಳಿದ ದುಡ್ಡನ್ನು ಅಳತೆಗೆ ಮಾಡಿಸಿದ ಕೃತಕ ಕಣ್ಣಿಗೆ ಹಾಕಿ. ಅಂಗಡಿಯಲ್ಲಿ ಸಿಗುವ ಸಿದ್ಧ ಚಿಪ್ಪು ಒಂದೇ ದಿನದಲ್ಲಿ ಸಿಗುತ್ತದೆ, ಆದರೆ ಹಿಂದೆ ಸಂದು ಉಳಿದು ಪಿಚ್ಚು ಕೂಡುತ್ತದೆ, ನೋಟ ನೆಟ್ಟಂತೆ ಕಾಣುತ್ತದೆ. ಅಚ್ಚು ತೆಗೆದು ಇನ್ನೊಂದು ಕಣ್ಣು ನೋಡಿ ಬಣ್ಣ ಬರೆದದ್ದಕ್ಕೆ ಎರಡು ಮೂರು ಭೇಟಿ ಬೇಕು.

ಆಪರೇಷನ್ ದಿನ ಇಟ್ಟ ಪ್ಲಾಸ್ಟಿಕ್ ಚಿಪ್ಪು ಬಿದ್ದುಹೋದರೆ ತೊಳೆದು ಕೂಡಲೇ ಹಾಕಿಸಿ, ಇಲ್ಲದಿದ್ದರೆ ಗೂಡು ಕುಗ್ಗುತ್ತದೆ. ಕೃತಕ ಕಣ್ಣಿನ ಅಳತೆ 6ರಿಂದ 8 ವಾರಕ್ಕೆ. ಅದನ್ನು ದಿನಾ ತೆಗೆಯಬೇಡಿ, ಸ್ಪಿರಿಟ್ ಮುಟ್ಟಿಸಬೇಡಿ, ಅಕ್ರಿಲಿಕ್ ಬಿರಿಯುತ್ತದೆ. ವರ್ಷಕ್ಕೊಮ್ಮೆ ಪಾಲಿಶ್, ಐದಾರು ವರ್ಷಕ್ಕೆ ಹೊಸದು. ಬೆಳೆಯುವ ಮಕ್ಕಳಿಗೆ ಇನ್ನೂ ಬೇಗ. ನಂಬರ್ ಇಲ್ಲದಿದ್ದರೂ ಪಾಲಿಕಾರ್ಬೊನೇಟ್ ಕನ್ನಡಕ ಹಾಕಿ, ಉಳಿದಿರುವುದು ಒಂದೇ ಕಣ್ಣು. ಒಂದು ಕಣ್ಣು ಹೋಗಿ ಇನ್ನೊಂದು ಚೆನ್ನಾಗಿದ್ದರೆ ಅಂಗವಿಕಲತೆ 30% ಎಂದು ಬರೆಯುತ್ತಾರೆ, 40% ಕೇಳುವ ಸೌಲಭ್ಯಗಳು ಅದಕ್ಕೆ ಸಿಗುವುದಿಲ್ಲ.

ಎಲ್ಲಿ ಮಾಡಿಸುವುದು

ಗಂಟು, ಒಳಮಡಚಿದ ರೆಪ್ಪೆ, ಹೊರಗಿನ ಡಿಸಿಆರ್, ಚೀಲ ತೆಗೆಯುವುದಕ್ಕೆ ಊರು ಬಿಡಬೇಕಾಗಿಲ್ಲ. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆ, ಜೆ.ಜೆ.ಎಂ., ಎಸ್.ಎಸ್., ಬಸವೇಶ್ವರ ವೈದ್ಯಕೀಯ ಕಾಲೇಜುಗಳ ಕಣ್ಣಿನ ವಿಭಾಗದಲ್ಲಿ ಮೊದಲು ವಿಚಾರಿಸಿ. ಮಗುವಿನ ಜೋಲಿ ಆಪರೇಷನ್, ಗೂಡಿನ ಮೂಳೆಯ ಕೆಲಸ, ರೆಪ್ಪೆಯ ಕ್ಯಾನ್ಸರ್ ಇವಕ್ಕೆ ರೆಪ್ಪೆ ಮತ್ತು ಗೂಡಿನ ಶಸ್ತ್ರಚಿಕಿತ್ಸೆಯಾದ ಆಕ್ಯುಲೋಪ್ಲಾಸ್ಟಿಯಲ್ಲೇ ತರಬೇತಾದವರು ಬೇಕು; ಇಲ್ಲಿ ಸಿಗದಿದ್ದರೆ ಚಿತ್ರದುರ್ಗದಿಂದ 200, ದಾವಣಗೆರೆಯಿಂದ 260 ಕಿಲೋಮೀಟರ್ ದೂರದ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ, ಕ್ಯಾನ್ಸರಿಗೆ ಕಿದ್ವಾಯಿ ಆಸ್ಪತ್ರೆ. ಯೋಜನೆಯ ಲಾಭಕ್ಕೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕೇ ಎಂದು ಹೊರಡುವ ಮೊದಲೇ ಆಸ್ಪತ್ರೆಯಲ್ಲಿ ಯೋಜನೆಯ ಸಹಾಯಕ್ಕಿರುವ ಆರೋಗ್ಯಮಿತ್ರರನ್ನು ಕೇಳಿ. ದರ ಹೋಲಿಸುವಾಗ ಅರಿವಳಿಕೆ, ಇಂಪ್ಲಾಂಟ್, ಬಯಾಪ್ಸಿ, ಮರು-ಹೊಂದಾಣಿಕೆ ಸೇರಿದೆಯೇ ಎಂದು ನಾಲ್ಕನ್ನೂ ಬಿಡಿಸಿ ಕೇಳಿ. ಈ ಆಪರೇಷನ್ನನ್ನು ತಿಂಗಳಿಗೆ ಎಷ್ಟು ಮಾಡುತ್ತೀರಿ ಎಂದು ಸರ್ಜನ್ನರನ್ನು ಕೇಳುವುದರಲ್ಲಿ ಸಂಕೋಚ ಬೇಡ. ರಕ್ತ ತೆಳುಮಾಡುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ತೆಗೆದುಕೊಳ್ಳುವವರು ಹೃದಯದ ಡಾಕ್ಟರನ್ನು ಕೇಳದೆ ನೀವಾಗಿ ನಿಲ್ಲಿಸಬೇಡಿ.

ರೆಪ್ಪೆಯ ಚರ್ಮದ ಹೊಲಿಗೆ ಒಂದು ವಾರಕ್ಕೆ ತೆಗೆಯುತ್ತಾರೆ, ಅದನ್ನು ಊರಲ್ಲೇ ತೆಗೆಸಬಹುದೇ ಎಂದು ಕೇಳಿದರೆ ಒಂದು ಪ್ರಯಾಣ ಉಳಿಯುತ್ತದೆ. ಮೊದಲ ಎರಡು ದಿನ ತಣ್ಣನೆಯ ಬಟ್ಟೆ ಇಡಿ. ಮೊದಲ ರಾತ್ರಿ ಮಾತ್ರ ಊರಿಗೆ ಬಸ್ ಹತ್ತಬೇಡಿ, ಆಸ್ಪತ್ರೆಗೆ ಹತ್ತಿರವೇ ಉಳಿಯಿರಿ. ಅಪರೂಪಕ್ಕೆ ಗೂಡಿನೊಳಗೆ ರಕ್ತ ತುಂಬಿ ಕಣ್ಣಿನ ನರವನ್ನು ಅದುಮುತ್ತದೆ, ಬಿಡಿಸಲು ಸಿಗುವ ಸಮಯ ಒಂದೂವರೆ ಗಂಟೆಯ ಆಸುಪಾಸು. ಕಟ್ಟು ಹಾಕಿರದಿದ್ದರೆ ಮಲಗುವ ತನಕ ಗಂಟೆಗೊಮ್ಮೆ ಇನ್ನೊಂದು ಕಣ್ಣು ಮುಚ್ಚಿ ಎದುರಿಗಿರುವವರ ಬೆರಳು ಎಣಿಸಿ. ನೋವು ಏರುತ್ತ, ಕಣ್ಣು ಕಲ್ಲಿನಂತೆ ಬಿಗಿದು, ಬೆರಳು ಮಸುಕಾದರೆ ಬೆಳಗಾಗಲಿ ಅನ್ನಬೇಡಿ. ಕಟ್ಟು ಇದ್ದು ನೋವು ಏರುತ್ತಿದ್ದರೂ ಅಷ್ಟೇ, ಸರ್ಜನ್ನರನ್ನು ಆಗಲೇ ಎಬ್ಬಿಸಿ.